ಎತ್ತಿದ್ದಕ್ಕಲ್ಲ, ಇಳಿಸಿದ್ದಕ್ಕೆ

ಇಂಗಳೇಶ್ವರಕ್ಕೆ ಕಲ್ಲು ಹೊಸದಲ್ಲ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ವಚನ ಶಿಲಾಮಂಟಪ ಇರುವ ಊರದು. ಆ ಊರಿನ ಈ ಪ್ರಬಂಧಕಾರರಿಗೆ ಮಾತ್ರ ಕಬ್ಬಿಣದ ನಂಟು ಬೆಳೆದದ್ದು ನಡುವಯಸ್ಸಿನಲ್ಲಿ, ವೈದ್ಯರು ಸಕ್ಕರೆಯ ಅಂಕಿ ನೋಡಿ ಹುಬ್ಬೇರಿಸಿದ ಮೇಲೆ. ಬಸವನ ಬಾಗೇವಾಡಿಯ ಜಿಮ್ಮಿನಲ್ಲಿ ಬಾರ್ ಹೆಗಲಿಗಿಟ್ಟು ಬೈಠಕ್ ಹೊಡೆದು ಬಂದ ರಾತ್ರಿ ಒಂದು ರೊಟ್ಟಿ ಹೆಚ್ಚಿಗೇ ಇಳಿಯಿತು. ಮರುದಿನ ತೊಡೆಯಲ್ಲಿ ಸ್ವಲ್ಪ ಬಿಗಿ. ಅದರ ಮರುದಿನ ಮಾಳಿಗೆಯಿಂದ ಕೆಳಗೆ ಬರಲು ಗೋಡೆ ಹಿಡಿಯಬೇಕಾಯಿತು. ಒಂದೊಂದೇ ಮೆಟ್ಟಿಲು, ಅದೂ ಹಿಮ್ಮುಖವಾಗಿ. ಹತ್ತುವಾಗ ಇಷ್ಟು ನೋವಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ನಕ್ಕರು. "ಯಾಕೋ ತಮ್ಮಾ, ತೊಡಿ ಹಿಡದಾವೇನು? ಕುಂತ್ರ ಇನ್ನಟ ಹಿಡಿತಾವ. ಹೊಲದ ಮಟ ನಡಕೋತ ಹೋಗಿ ಬಾ."

ಕಾಕಾ ಗರಡಿಯಲ್ಲಿ ಸಾಮು ಮಾಡಿದವರು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಕುಸ್ತಿಯ ಜೊತೆ ಭಾರ ಎತ್ತುವ ಸ್ಪರ್ಧೆಯೂ ನಡೆಯುತ್ತದೆ; ಸಂಗ್ರಾಣಿ ಕಲ್ಲು, ಗುಂಡುಕಲ್ಲು ಎತ್ತುವವರನ್ನು ಈ ಸೀಮೆಯ ಜನ ಇಂದಿಗೂ ಮುಗಿಬಿದ್ದು ನೋಡುತ್ತಾರೆ. ಗುಂಡು ಮೊದಲು ಮೊಣಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ. ಆಮೇಲೆ? "ನಾವೇನು ಗುಂಡು ಇಳಸ್ತಿದ್ವೇನೋ? ಹಿಂದಕ್ಕ ಒಗದ ಬಿಡ್ತಿದ್ವಿ."

ಕಾಕಾ ತಮಗೆ ಗೊತ್ತಿಲ್ಲದೆಯೇ ವಿಷಯದ ಬುಡಕ್ಕೆ ಕೈಹಾಕಿದ್ದರು. ಭಾರ ಎತ್ತುವಾಗ ಸ್ನಾಯು ಕುಗ್ಗುತ್ತದೆ. ತಡೆಯುತ್ತ ಇಳಿಸುವಾಗ ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತದೆ. ಎಳೆಗಳೊಳಗೆ ಸೂಕ್ಷ್ಮ ಹರಕುಗಳಾಗುವುದು ಹೆಚ್ಚಾಗಿ ಈ ಇಳಿಸುವಾಗಲೇ. ತಡವಾಗಿ ಬರುವ ಈ ನೋವಿಗೆ ಸ್ನಾಯುವಿನೊಳಗಿನ ಹರಕುಗಳೇ ಕಾರಣವಿರಬೇಕೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಬರೆದಿದ್ದ. ಆದರೂ 'ಲ್ಯಾಕ್ಟಿಕ್ ಆಸಿಡ್ ಕೂತಿದೆ ಸರ್' ಎನ್ನುವ ಮಾತು ಜಿಮ್ಮುಗಳಿಂದ ಹೋಗಿಲ್ಲ. ಆ ಆಸಿಡ್ ವ್ಯಾಯಾಮ ಮುಗಿದ ಒಂದೆರಡು ತಾಸಿನಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ. ನೋವು ಏರುವುದು 24ರಿಂದ 72 ತಾಸಿನ ನಡುವೆ. 1983ರ ಒಂದು ಪ್ರಯೋಗದಲ್ಲಿ ಸಮತಟ್ಟಿನಲ್ಲಿ ಓಡಿದವರ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರಿತ್ತು, ಮೈ ನೋಯಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಅದು ಏರಲಿಲ್ಲ, ಕಾಲು ಮಾತ್ರ ಹಿಡಿದವು.

ಬೈಠಕ್ ಹೊಡೆದ ಹೊಸದರಲ್ಲಿ ಕಾಕಾನ ತೊಡೆಯೂ ಹಿಡಿದಿತ್ತಂತೆ. ಉಸ್ತಾದರು ರಜೆ ಕೊಡಲಿಲ್ಲ. ಮರುದಿನ ಅರ್ಧಕ್ಕೆ ನಿಲ್ಲಿಸಿ, ಎಣ್ಣೆ ತಿಕ್ಕಿಸಿ ಕಳಿಸಿದರು. ಹಗುರ ಓಡಾಟದಿಂದ ನೋವು ಆ ಹೊತ್ತಿಗೆ ಸಡಿಲುತ್ತದೆ, ಮಾಲೀಸೂ ತುಸು ತಗ್ಗಿಸುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದೂ ಇಲ್ಲ. ಆದರೆ 'ನೋಯದಿದ್ದರೆ ಸಾಮು ಮೈಗೆ ಹತ್ತಿಲ್ಲ' ಎಂಬ ಗರಡಿಯ ನಂಬಿಕೆಯನ್ನು ಪ್ರಬಂಧಕಾರರು ಒಪ್ಪುವುದಿಲ್ಲ; ನೋವಿಲ್ಲದೆಯೂ ಸ್ನಾಯು ಬೆಳೆಯುತ್ತದೆ. ಊದಿಕೊಂಡು, ಮೂತ್ರ ಕಡುಗಂದಾದರೆ ಅದು ಮಾಲೀಸಿನ ಮಾತೇ ಅಲ್ಲ, ನೇರ ಆಸ್ಪತ್ರೆ.

ನಡೆದು ಬಾ ಎಂಬ ಕಾಕಾನ ಮದ್ದಿಗೆ ಎಂಟುನೂರು ವರ್ಷ ಮೀರಿದ ವಂಶಾವಳಿಯೂ ಇದೆ. 12ನೇ ಶತಮಾನದಲ್ಲಿ ಈ ನೆಲವನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರಿಗೆ ಭಾರಶ್ರಮದ ಜೊತೆ ನಡಿಗೆಯ ಭ್ರಮಣಶ್ರಮ, ನೀರಿನಲ್ಲಿಳಿದು ಮಾಡುವ ಸಲಿಲಶ್ರಮವನ್ನೂ ಅಲ್ಲಿ ಹೇಳಿದೆ. ಮಾಂಸ, ಹಾಲು, ಬೇಳೆ, ಸಿಹಿ ಒದಗಿಸುವ ಹೊಣೆ ಅರಸನದು.

ಪ್ರಬಂಧಕಾರರಿಗೆ ಅಂಥ ಅರಸನಿಲ್ಲ. ಕಾಕಾನ ಖುರಾಕಿನಲ್ಲಿ ಹಾಲು, ತುಪ್ಪ, ಬಾದಾಮಿ. ವೈದ್ಯರ ಚೀಟಿಯಲ್ಲಿ ಮಡಕಿಕಾಳು, ಮೊಸರು, ಮೊಟ್ಟೆ. ಕಾಳು, ಮೊಸರಿಗೆ ಮನೆಯಲ್ಲಿ ತಕರಾರಿಲ್ಲ. ತತ್ತಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಸೋಮವಾರ, ಗುರುವಾರ ಜಿಮ್ ಮುಗಿಸಿ ಬಾಗೇವಾಡಿಯ ಗಾಡಿಯೊಂದರ ಮುಂದೆ ನಿಂತು ಎರಡು ಬೇಯಿಸಿದ ತತ್ತಿ ತಿಂದು, ಬಾಯಿ ಮುಕ್ಕಳಿಸಿ ಬಸ್ಸು ಹತ್ತುತ್ತಾರೆ.