ಲಜ್ಜೆ, ಸಹನೆ ಮತ್ತು ಒಂದು ಶಸ್ತ್ರಚಿಕಿತ್ಸೆ

ಶರೀರವು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತು ಎಂಬ ಪಾಠವನ್ನು ನಾವು ಇಪ್ಪತ್ತು ವರ್ಷಗಳಿಂದ ಮದ್ರಸಾದ ಹೆಣ್ಣುಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ. ಆದರೆ ಆ ಮಾತಿನ ಭಾರ ನಮಗೇ ಅರಿವಾದದ್ದು 2024ರಲ್ಲಿ, ಗರ್ಭಕೋಶವನ್ನು ತೆಗೆಸಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾದಾಗ. ಇಂತಹ ವಿಷಯವನ್ನು ಬಹಿರಂಗವಾಗಿ ಬರೆಯುವುದು ಉಚಿತವೇ ಎಂದು ಬಹಳ ದಿನ ಹಿಂಜರಿದೆವು. ಕೊನೆಗೆ ನಮ್ಮ ಮನೆಯವರೇ, "ನೀನು ಪಟ್ಟ ಪಾಡು ಇನ್ನೊಬ್ಬಳಿಗೆ ತಪ್ಪುವುದಾದರೆ ಬರೆ" ಎಂದರು. ಆ ನಿಯ್ಯತ್ತಿನಿಂದಲೇ ಬರೆಯುತ್ತಿದ್ದೇವೆ.

ನಮ್ಮದು ಪಾವಗಡ. ಮೂರು ಮಕ್ಕಳ ತಾಯಿ, ವಯಸ್ಸು ನಲವತ್ತನ್ನು ದಾಟಿದೆ. ಎರಡು ವರ್ಷಗಳಿಂದ ತಿಂಗಳ ಸ್ರಾವವು ಏಳು ದಿನಗಳ ರೂಢಿಯನ್ನು ಮೀರಿ ಹದಿನೈದು, ಕೆಲವೊಮ್ಮೆ ಇಪ್ಪತ್ತು ದಿನಗಳವರೆಗೆ ಮುಂದುವರಿಯುತ್ತಿತ್ತು. ಇದರ ಮಸಾಇಲ್‌ಗಳು ನಮಗೆ ಬಾಯಿಪಾಠ. ಹನಫೀ ಫಿಕ್ಹ್‌ನ ಪ್ರಕಾರ ಹೈಝ್‌ನ ಗರಿಷ್ಠ ಅವಧಿ ಹತ್ತು ದಿನ. ಅದನ್ನು ಮೀರಿದರೆ ರೂಢಿಯ ದಿನಗಳನ್ನು ಮಾತ್ರ ಹೈಝ್ ಎಂದೂ ಉಳಿದದ್ದನ್ನು ಇಸ್ತಿಹಾಝಾ ಎಂದೂ ಪರಿಗಣಿಸಿ, ಪ್ರತಿ ನಮಾಝಿನ ವೇಳೆಗೂ ಹೊಸದಾಗಿ ವುಝೂ ಮಾಡಿ ನಮಾಝ್ ನಿರ್ವಹಿಸಬೇಕು. ನಾವು ಹಾಗೆಯೇ ಮಾಡಿದೆವು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ನಮಾಝೂ ತಪ್ಪದಂತೆ ನೋಡಿಕೊಂಡೆವು. ನಮಾಝಿಗಾಗಿ ದಿನಗಳನ್ನು ಎಣಿಸಿದ ನಮಗೆ, ಅದೇ ಎಣಿಕೆಯನ್ನು ವೈದ್ಯರ ಮುಂದಿಡಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆಯಲಿಲ್ಲ ಎನ್ನುವುದಕ್ಕಿಂತ ಲಜ್ಜೆ ತಡೆಯಿತು ಎನ್ನುವುದೇ ಸತ್ಯ. ಅತ್ತೆಯವರು, "ಹೆಣ್ಣಿನ ಜನ್ಮವೇ ಹೀಗೆ ಬೇಟಿ, ಸಬರ್ ಮಾಡು, ವಯಸ್ಸಾದರೆ ತಾನೇ ನಿಲ್ಲುತ್ತದೆ" ಎನ್ನುತ್ತಿದ್ದರು. ನಾವೂ ಅದನ್ನೇ ಸಹನೆಯೆಂದು ತಿಳಿದೆವು. ಆದರೆ ನಾವು ಮಕ್ಕಳಿಗೆ ಕಲಿಸುವ ಹದೀಸ್‌ಗಳಲ್ಲೇ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಇದ್ದಾರೆ. ತಮ್ಮ ನಿಲ್ಲದ ರಕ್ತಸ್ರಾವದ ಕುರಿತು ಅವರು ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಬಂದು ಕೇಳಿದರು. ಏಳು ವರ್ಷ ಇದೇ ಬಾಧೆಯನ್ನು ಅನುಭವಿಸಿದ ಉಮ್ಮು ಹಬೀಬಾ ಬಿಂತ್ ಜಹ್ಶ್(ರ) ಕೂಡ ಕೇಳಿದರು. ದೀನ್‌ನ ಜ್ಞಾನ ಪಡೆಯಲು ಲಜ್ಜೆಯನ್ನು ಅಡ್ಡಿಯಾಗಗೊಡದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಷಾ(ರ) ಪ್ರಶಂಸಿಸಿದ್ದಾರೆ. ಆ ಮಹಿಳೆಯರು ಕೇಳಿದ್ದರಿಂದಲೇ ನಮಗೆ ಇಂದು ಈ ಮಸಾಇಲ್‌ಗಳು ದೊರೆತಿವೆ. ಅವರ ಪ್ರಶ್ನೆಯನ್ನು ಕಲಿಸುತ್ತಿದ್ದ ನಾವು ಅವರ ಧೈರ್ಯವನ್ನು ಕಲಿಯಲಿಲ್ಲ.

2024ರ ರಮಝಾನ್‌ನಲ್ಲಿ ಇಸ್ತಿಹಾಝಾ ಉಪವಾಸಕ್ಕೆ ಅಡ್ಡಿಯಲ್ಲವೆಂದು ಉಪವಾಸ ಹಿಡಿದೆವು. ರೋಗಿಯು ಬೇರೆ ದಿನಗಳಲ್ಲಿ ಉಪವಾಸವನ್ನು ಪೂರ್ತಿಗೊಳಿಸಬಹುದೆಂಬ ಕುರ್‌ಆನಿನ ರಿಯಾಯಿತಿ ನೆನಪಿಗೆ ಬರಲಿಲ್ಲ. ಏಕೆಂದರೆ ನಮ್ಮನ್ನು ನಾವು ರೋಗಿಯೆಂದೇ ಭಾವಿಸಿರಲಿಲ್ಲ. ಒಂದು ಸಹರಿಯ ವೇಳೆ ಒಲೆಯ ಮುಂದೆ ಕುಸಿದೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.4 ಬಂದಿತು; ಹೆಣ್ಣಿಗೆ 12 ಇರಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದೊಳಗೆ ಫೈಬ್ರಾಯ್ಡ್ ಗಡ್ಡೆಗಳು ಕಂಡವು.

ಮೊದಲು ತೋರಿಸಿದ ಒಂದು ನರ್ಸಿಂಗ್ ಹೋಮ್‌ನಲ್ಲಿ ಐದು ನಿಮಿಷವೂ ಮಾತನಾಡದೆ, "ಮಕ್ಕಳಾಗಿವೆಯಲ್ಲ, ಇನ್ನು ಅದೇಕೆ? ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ನಾಳೆಯೇ ತೆಗೆಯೋಣ" ಎಂದರು. ಎರಡು ವರ್ಷ ಬಾಯಿ ತೆರೆಯದಿದ್ದ ನಾವು ಭಯದಿಂದ ಒಂದೇ ದಿನದಲ್ಲಿ ಒಪ್ಪುವ ಹಂತ ತಲುಪಿದ್ದೆವು. ಮನೆಯವರು ತಡೆದರು.

ಆ ತಡೆ ಎಷ್ಟು ಅಗತ್ಯವಾಗಿತ್ತೆಂಬುದು ಆಮೇಲೆ ಓದಿದಾಗ ತಿಳಿಯಿತು. ಸುಮಾರು ಹತ್ತು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಅನೇಕ ಬಡ ಮಹಿಳೆಯರ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಅನಗತ್ಯವಾಗಿ ತೆಗೆದಿದ್ದವೆಂಬ ದೂರು ಎದ್ದಿತು; ನೊಂದ ಮಹಿಳೆಯರೇ ಬೀದಿಗಿಳಿದರು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಲ್ಲಿ ನೂರಕ್ಕೆ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರೆ, ನಮ್ಮ ತಾಲ್ಲೂಕನ್ನು ಬಹುಪಾಲು ಸುತ್ತುವರಿದಿರುವ ಆಂಧ್ರದಲ್ಲಿ ಆ ಸಂಖ್ಯೆ 9ರ ಸಮೀಪವಿತ್ತು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. "ಮಕ್ಕಳಾದ ಮೇಲೆ ಅದೇಕೆ" ಎಂಬ ಮಾತಿನ ಹಿಂದೆ ಇಷ್ಟೊಂದು ಹೆಣ್ಣುಮಕ್ಕಳ ಕಣ್ಣೀರಿದೆ.

ಮತ್ತೊಂದು ಭಯವೂ ಇತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ದಿನ ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಯರ ಪೈಕಿ ಮೂವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಿದ್ದರು. ಅವರಲ್ಲಿ ಒಬ್ಬರು ಗರ್ಭಕೋಶದ ಶಸ್ತ್ರಚಿಕಿತ್ಸೆಗೆಂದೇ ಬಂದಿದ್ದವರು. ಆ ಸುದ್ದಿಯ ನಂತರ ನಮ್ಮ ಊರಿನ ಹೆಣ್ಣುಮಕ್ಕಳು ಆಪರೇಷನ್ ಎಂಬ ಹೆಸರಿಗೇ ನಡುಗುತ್ತಿದ್ದರು. ನಾವೂ ನಡುಗಿದೆವು. ಆದರೆ ಭಯದಿಂದ ಚಿಕಿತ್ಸೆಯನ್ನೇ ತೊರೆಯುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ರೋಗದೊಂದಿಗೆ ಅದರ ಔಷಧವನ್ನೂ ಅಲ್ಲಾಹನು ಇಳಿಸಿದ್ದಾನೆಂದೂ ಅವರು ತಿಳಿಸಿದ್ದಾರೆ.

ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಹೋಗಿ ಜಿಲ್ಲಾ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯರೊಬ್ಬರನ್ನು ಕಂಡೆವು. ಅವರು ಮೊದಲು ರಕ್ತ ಕೊಡಿಸಿದರು. ಗರ್ಭಕೋಶದ ಒಳಪದರದ ತುಣುಕನ್ನು ಪರೀಕ್ಷೆಗೆ ಕಳುಹಿಸಿದರು, ಕ್ಯಾನ್ಸರ್ ಇರಲಿಲ್ಲ. ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ತೀರಾ ವಿರಳವೆಂದು ವಿವರಿಸಿದರು. ಮಾತ್ರೆಗಳಿಂದ ಸ್ರಾವವನ್ನು ತಗ್ಗಿಸಬಹುದು, ಹಾರ್ಮೋನು ಸೂಸುವ ವಂಕಿಯನ್ನು ಒಳಗಿಡಬಹುದು, ಗಡ್ಡೆಯನ್ನಷ್ಟೇ ತೆಗೆಯಬಹುದು, ಇವೆಲ್ಲ ಆಗದಿದ್ದರೆ ಕೊನೆಯದಾಗಿ ಗರ್ಭಕೋಶವನ್ನೇ ತೆಗೆಯಬಹುದು ಎಂದರು. ಮೂರು ತಿಂಗಳು ಮಾತ್ರೆ ನುಂಗಿದೆವು. ಸ್ರಾವ ಹಿಡಿತಕ್ಕೆ ಬರಲಿಲ್ಲ. ಗಡ್ಡೆಗಳು ಹಲವಿದ್ದು ಗರ್ಭಕೋಶದ ಒಳಭಾಗವೇ ವಿಕಾರಗೊಂಡಿದ್ದರಿಂದ ವಂಕಿಯೂ ನಿಲ್ಲುವಂತಿರಲಿಲ್ಲ. ಆಗ ಮಾತ್ರ ಅವರು ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ಅಂಡಾಶಯಗಳು ಆರೋಗ್ಯವಾಗಿರುವುದರಿಂದ ಅವನ್ನು ಉಳಿಸೋಣ, ಈ ವಯಸ್ಸಿನಲ್ಲಿ ಅವನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಎಂದರು. ಪಾವಗಡದ ಸಾವುಗಳ ಭಯವನ್ನು ಹೇಳಿಕೊಂಡಾಗ ಅವರು ಬೇಸರಿಸಲಿಲ್ಲ. ಉಪಕರಣಗಳನ್ನು ಹೇಗೆ ಶುದ್ಧೀಕರಿಸುತ್ತಾರೆ, ಯಾವ ಲಕ್ಷಣ ಕಂಡರೆ ಕೂಡಲೇ ತಿಳಿಸಬೇಕು ಎಂಬುದನ್ನು ಕುಳ್ಳಿರಿಸಿ ಹೇಳಿದರು.

ನಮಗೆ ಪಾಠ ಹೇಳಿದ ಹಝ್ರತ್‌ರನ್ನು ಮನೆಯವರು ಫೋನಿನಲ್ಲಿ ವಿಚಾರಿಸಿದರು. ಕಾರಣವಿಲ್ಲದೆ ಅಂಗವನ್ನು ತೆಗೆಸುವುದು ಅಮಾನತ್ತಿಗೆ ಮಾಡುವ ದ್ರೋಹ. ಆದರೆ ನಂಬಿಗಸ್ಥ ವೈದ್ಯರು ಅನಿವಾರ್ಯವೆಂದರೆ ಅನುಮತಿಯಿದೆ, ಅಂತಹ ಸ್ಥಿತಿಯಲ್ಲಿ ಪ್ರಾಣವನ್ನು ಕಾಪಾಡುವುದೇ ಅಮಾನತ್ತಿನ ರಕ್ಷಣೆ ಎಂದು ಅವರು ಹೇಳಿದರು. ಇಸ್ತಿಖಾರಾ ನಮಾಝ್ ನಿರ್ವಹಿಸಿ ಒಪ್ಪಿಗೆ ಕೊಟ್ಟೆವು.

ಮುಹರ್ರಮ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ಎಚ್ಚರವಿತ್ತು. ಆಯತುಲ್ ಕುರ್ಸಿ ಓದುತ್ತಾ ಮಲಗಿದ್ದೆವು. ಮರುದಿನ ಫಜ್ರ್‌ಗೆ ಏಳಲಾಗಲಿಲ್ಲ, ಮೂತ್ರದ ನಳಿಕೆಯೂ ಇತ್ತು. ಚೀಲದಲ್ಲಿ ತಂದಿದ್ದ ಹೆಂಚಿನ ಚೂರಿನ ಮೇಲೆ ತಯಮ್ಮುಮ್ ಮಾಡಿ, ಮಲಗಿದ ಹಾಗೆಯೇ ತಲೆಯ ಸನ್ನೆಯಿಂದ ನಮಾಝ್ ನಿರ್ವಹಿಸಿದೆವು. ನಿಲ್ಲಲಾಗದವರು ಕುಳಿತು, ಕುಳಿತುಕೊಳ್ಳಲಾಗದವರು ಮಲಗಿ ನಿರ್ವಹಿಸಲಿ ಎಂಬ ರಿಯಾಯಿತಿಯನ್ನು ಎಷ್ಟೋ ಬಾರಿ ಬೋಧಿಸಿದ್ದ ನಮಗೆ, ಅದು ಎಂತಹ ಕಾರುಣ್ಯವೆಂದು ಅಂದು ತಿಳಿಯಿತು.

ಆರು ವಾರ ಭಾರ ಎತ್ತಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ದಾಂಪತ್ಯದಿಂದ ದೂರವಿರಬೇಕು, ದಿನವೂ ಸ್ವಲ್ಪ ನಡೆಯಬೇಕು ಎಂಬುದು ವೈದ್ಯರ ಕಟ್ಟಪ್ಪಣೆ. ಭಾರ ಎತ್ತದಿರುವುದು ನಮ್ಮ ಸೀಮೆಯ ಹೆಂಗಸರಿಗೆ ಸುಲಭವಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್‌ಗಳಲ್ಲಿ ಹೊತ್ತು ತರಬೇಕು. ಆ ಕ್ಯಾನನ್ನು ನಮ್ಮ ಮನೆಯವರು ಹೊತ್ತರು. ಪಾತ್ರೆ ತೊಳೆದರು, ಗಂಜಿ ಮಾಡಿದರು. ಓಣಿಯವರು ನಕ್ಕಾಗ, ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದುದನ್ನು ಅವರಿಗೆ ನೆನಪಿಸಿದರು. ಅತ್ತೆಯವರು ಹಾಸಿಗೆಯ ಪಕ್ಕ ಕುಳಿತು ಒಂದು ದಿನ ಮೆಲ್ಲನೆ, "ನನಗೂ ಹೀಗೆಯೇ ಆಗುತ್ತಿತ್ತು ಬೇಟಿ, ಯಾರಿಗೂ ಹೇಳಲಿಲ್ಲ" ಎಂದರು. ಅವರ ಸಬರ್‌ನ ಅರ್ಥ ನಮಗೆ ಆಗ ತಿಳಿಯಿತು.

ನೋವು ಇಳಿದ ಮೇಲೆ ಕಾಡಿದ್ದು ಒಂದು ಶೂನ್ಯ. ಹೆಣ್ತನವೇ ಹೋಯಿತೇನೋ ಎಂದು ಮೂರನೆಯ ವಾರದಲ್ಲಿ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅಂದು ಸಾಂತ್ವನ ನೀಡಿದ್ದು ಆಯಿಷಾರ(ರ) ಚರಿತ್ರೆ. ಅವರು ಒಂದು ಮಗುವನ್ನೂ ಹೆರಲಿಲ್ಲ. ಆದರೂ ಅವರು ಸತ್ಯವಿಶ್ವಾಸಿಗಳೆಲ್ಲರ ಮಾತೆ. ಅರಬಿಯಲ್ಲಿ ಗರ್ಭಕೋಶಕ್ಕೆ ‘ರಹಿಮ್’ ಎನ್ನುತ್ತಾರೆ. ‘ರಹ್ಮತ್’ ಎಂಬ ಪದವೂ ಅದೇ ಧಾತುವಿನದು. ಅಂಗ ಹೋದರೂ ಕರುಣೆ ಹೋಗುವುದಿಲ್ಲ.

ಸಹೋದರಿಯರೇ, ಏಳೆಂಟು ದಿನ ದಾಟಿದ ಸ್ರಾವವನ್ನು ನಮಾಝಿನ ಲೆಕ್ಕಕ್ಕೆ ಮಾತ್ರ ಬಿಡಬೇಡಿ, ವೈದ್ಯರಿಗೂ ಹೇಳಿರಿ. ‘ನಾಳೆಯೇ ತೆಗೆಯೋಣ’ ಎಂದವರ ಮುಂದೆ ‘ಬೇರೆ ದಾರಿಯಿಲ್ಲವೇ, ಅಂಡಾಶಯ ಉಳಿಯುವುದೇ’ ಎಂದು ಕೇಳಿರಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಸಹೋದರರೇ, ನಿಮ್ಮ ಮನೆಯ ಹೆಣ್ಣುಮಕ್ಕಳ ಬಿಳಿಚಿದ ಮುಖವನ್ನು ಒಮ್ಮೆ ನೋಡಿರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ.

ರಬೀವುಲ್ ಅವ್ವಲ್‌ನಲ್ಲಿ ಮದ್ರಸಾಕ್ಕೆ ಮರಳಿದೆವು. ಇಸ್ತಿಹಾಝಾದ ಅಧ್ಯಾಯ ಬಂದಾಗ ಈಗ ಮಸಾಇಲ್‌ನ ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯ ಮಾತನ್ನೂ ಹೇಳುತ್ತೇವೆ. ಈ ವರ್ಷದ ರಮಝಾನ್‌ನಲ್ಲಿ, ಬಾಲೆಯಾಗಿದ್ದಾಗಿನ ನಂತರ ಮೊದಲ ಬಾರಿಗೆ, ಒಂದು ದಿನವೂ ಬಿಡದೆ ಉಪವಾಸ ಹಿಡಿದೆವು. ಅಲ್‌ಹಮ್ದುಲಿಲ್ಲಾಹ್. ರೋಗದಲ್ಲಿರುವ ಎಲ್ಲ ಸಹೋದರಿಯರಿಗೂ ಅಲ್ಲಾಹನು ಶಿಫಾ ನೀಡಲಿ, ಕೇಳುವ ಧೈರ್ಯವನ್ನೂ ಕೇಳಿಸಿಕೊಳ್ಳುವ ಮನೆಯವರನ್ನೂ ಕರುಣಿಸಲಿ. ಆಮೀನ್.