ನೆಲ ನೋಡಿ ನಡೆ

ನಮ್ಮ ಕೊಡ್ಲಿಯ ಸೀಮೆಯಲ್ಲಿ ನಿಷ್ಕಾರಣವಾಗಿ ನಡೆಯುವವನನ್ನು ಜನ ಸುಲಭವಾಗಿ ಕ್ಷಮಿಸುವುದಿಲ್ಲ. ರೇವಗ್ಗಿ ಗುಡ್ಡದ ರೇವಣಸಿದ್ಧೇಶ್ವರನಿಗೆ ಹರಕೆ ಹೊತ್ತು ನಡೆಯುವವನು ಭಕ್ತ. ಹಗ್ಗ ಹರಿದುಕೊಂಡು ಹೋದ ಎತ್ತನ್ನು ಅರಸುತ್ತ ನಡೆಯುವವನು ಒಕ್ಕಲುತನದ ಗೃಹಸ್ಥ. ಬಸ್ಸು ತಪ್ಪಿ ನಡೆಯುವವನು ನಿರ್ಭಾಗ್ಯ. ಈ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರದೆ, ಹೆಗಲಿಗೊಂದು ಚೀಲ ಹಾಕಿ, ಅದರೊಳಗೆ ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಕೊಂಡು ಕಾಗಿಣಾ ಹೊಳೆಯ ದಂಡೆಗುಂಟ ಹೊರಟವನು ಸರಕಾರದವನಾಗಿರಬೇಕು, ಇಲ್ಲವೆ ತಲೆ ಕೆಟ್ಟವನಾಗಿರಬೇಕು. ತೊಗರಿಯ ಹೊಲದಲ್ಲಿ ಕಸ ತೆಗೆಯುತ್ತಿದ್ದ ಮುದುಕಿಯೊಬ್ಬಳು ಬೆನ್ನು ನೆಟ್ಟಗೆ ಮಾಡಿ ನಿಂತು, "ಸರ್ವೆದವರೇನ್ರಿ ಯಪ್ಪಾ? ಈ ಹೊಲಾನೂ ಫ್ಯಾಕ್ಟರಿಗಿ ಹೋಗ್ತದೇನ್ರಿ?" ಎಂದು ಕೇಳಿದಳು. "ಇಲ್ಲವ್ವ, ಹೊಳಿ ನೋಡ್ಕೊಂತ ಸುಮ್ನ ಹೊಂಟೀನಿ" ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಳ್ಯಾಗ ನೋಡೂದೇನದ? ಕಾಲಾಗ ನೆಲ ನೋಡ್ಕೊಂತ ನಡೀರಿ, ಕಲ್ಲು ಜಾರ್ತಾವ" ಎಂದು ತನ್ನ ಕೆಲಸಕ್ಕೆ ಬಾಗಿದಳು. ಆಕೆ ಕಾಲು ಜಾರದಿರಲೆಂದು ಹೇಳಿದ ಮಾತು ಈ ಸೀಮೆಯ ಇತಿಹಾಸವನ್ನು ನೋಡುವ ಕ್ರಮವೂ ಹೌದೆಂದು ನನಗೆ ನಿಶ್ಚಯವಾಗಿದೆ.

ನದಿ, ಶಿಲೆ, ದೇವಾಲಯ ಈ ಮೂರನ್ನೂ ಒಂದೇ ನಡಿಗೆಯಲ್ಲಿ ಕಾಣಬೇಕೆನ್ನುವ ಕನ್ನಡಿಗನು ಸಾಮಾನ್ಯವಾಗಿ ಮಲಪ್ರಭೆಯ ಕಡೆಗೆ ಮುಖ ಮಾಡುತ್ತಾನೆ, ಅದು ಯುಕ್ತವೂ ಆಗಿದೆ. ಬಾದಾಮಿಯ ಮರಳುಗಲ್ಲಿನ ಪ್ರಪಾತಗಳು ಕೆಂಪಗೆ ನೆಟ್ಟಗೆ ನಿಂತಿವೆ. ಅವುಗಳ ಒಡಲನ್ನು ಕೊರೆದು ಚಾಲುಕ್ಯರು ಗುಹಾಲಯಗಳನ್ನು ಮಾಡಿದರು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರ ಕಾಲವನ್ನು ಸ್ಪಷ್ಟವಾಗಿ ಸಾರುತ್ತದೆ. ಅಲ್ಲಿಂದ ಮಹಾಕೂಟದ ಪುಷ್ಕರಿಣಿ, ಹೊಳೆಯ ದಂಡೆಯ ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆ ಎಂದು ನಡೆಯುತ್ತ ಹೋದವನ ಕತ್ತು ಸಂಜೆಯ ಹೊತ್ತಿಗೆ ನೋಯದೆ ಇರದು. ನಿಂತ ಕಲ್ಲು ಮನುಷ್ಯನ ಮುಖವನ್ನು ಮೇಲಕ್ಕೆತ್ತುತ್ತದೆ, ಮೇಲೆತ್ತಿದ ಮುಖಕ್ಕೆ ಭಕ್ತಿಯೂ ವಿಸ್ಮಯವೂ ಅನಾಯಾಸವಾಗಿ ಒದಗುತ್ತವೆ.

ನಮ್ಮ ಕಾಗಿಣೆಗೆ ಅಂಥ ಭಾಗ್ಯವಿಲ್ಲ. ತಾಂಡೂರಿನ ಕಡೆಯಿಂದ ಬಂದು, ಮುಲ್ಲಾಮಾರಿಯನ್ನೂ ಬೆಣ್ಣೆತೊರೆಯನ್ನೂ ಕೂಡಿಸಿಕೊಂಡು, ಮಳಖೇಡ, ದಂಡೋತಿ, ಶಹಾಬಾದಗಳ ಮಗ್ಗುಲಲ್ಲಿ ಹರಿದು, ಹೊನಗುಂಟದ ಬಳಿ ಭೀಮೆಯಲ್ಲಿ ಸೇರುವ ಈ ಹೊಳೆಯ ಕಲ್ಲು ನಿಂತ ಕಲ್ಲಲ್ಲ, ಮಲಗಿದ ಕಲ್ಲು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದಿತ್ತು. ಮೊದಲು ಅದರ ಅಂಚಿನಲ್ಲಿ ಮರಳು ಕೂಡಿ ಮರಳುಗಲ್ಲಾಯಿತು. ಆ ಪದರವು ಇಂದು ಅಡಿಯಲ್ಲಿ ತೆಳ್ಳಗೆ ಅಡಗಿದೆ. ಅದರ ಮೇಲೆ ನಿಶ್ಚಲವಾದ ನೀರಿನಲ್ಲಿ ಸುಣ್ಣದ ಸಣ್ಣ ಕೆಸರು ಯುಗಯುಗಾಂತರಗಳಲ್ಲಿ ಇಳಿದಿಳಿದು, ಬುತ್ತಿಯಲ್ಲಿ ಪೇರಿಸಿದ ಜೋಳದ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಸಮತಲವಾದ ಹಾಸಾಗಿ ಗಟ್ಟಿಗೊಂಡಿತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನ ಲಾವಾ ಪ್ರವಾಹ ಬಂದು ಉತ್ತರದ ಭಾಗವನ್ನು ಮುಚ್ಚಿತು. ಆ ಕರಿಗಲ್ಲು ಶಿಥಿಲವಾಗಿ ನಮ್ಮ ತೊಗರಿಯನ್ನು ಹೊರುವ ಎರೆ ಭೂಮಿಯಾಯಿತು. ಲೋಕವೆಲ್ಲ ಶಹಾಬಾದ ಕಲ್ಲೆನ್ನುವ, ನಾವು ಪರಸಿಯೆನ್ನುವ ಶಿಲೆಯ ಚರಿತ್ರೆ ಇಷ್ಟು. ದಂಡೆಯಲ್ಲಿ ಅದು ಆಳೆತ್ತರಕ್ಕೆ ಎದ್ದರೂ ಗೋಡೆಯಂತೆ ಕಾಣದೆ ಮೆಟ್ಟಿಲುಗಳಂತೆ ಕಾಣುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಹೊಳೆಯ ಪಾತ್ರವೇ ಯಾರೋ ಅಳತೆ ಹಿಡಿದು ಹಾಸಿದ ಅಂಗಳವೆಂದು ಭ್ರಮೆಯಾಗುತ್ತದೆ.

ಇಂಥ ಕಲ್ಲನ್ನು ಕೊರೆದು ಗುಹಾಲಯ ಮಾಡಲು ಬಾರದು, ಎಬ್ಬಿಸಿ ಹಾಸಬಹುದು. ಖಣಿಯಲ್ಲಿ ಕೆಲಸ ಮಾಡುವವನು ಪದರಗಳ ಸಂದಿಗೆ ಹಾರೆಯಿಟ್ಟು ಮೀಟಿದರೆ, ಎರಡೂ ಮೈ ನಯವಾದ ಹಾಸುಗಲ್ಲು ತಾನಾಗಿಯೇ ಬಿಟ್ಟುಕೊಂಡು ಬರುತ್ತದೆ. ಮನೆಯ ನೆಲ, ಗೋಡೆ, ಮಾಳಿಗೆ, ಹಿತ್ತಿಲ ಬಚ್ಚಲು, ತುಳಸಿಯ ಕಟ್ಟೆ, ದರ್ಗಾದ ಪ್ರಾಂಗಣ, ಗೋರಿಯ ಮುಚ್ಚಳ ಎಲ್ಲಕ್ಕೂ ಅದೇ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ತರುವಾಯ ಅದು ದೂರದ ಊರುಗಳ ಅಡುಗೆಮನೆಗಳಿಗೂ ಹೋಯಿತು. ಬಾದಾಮಿಯ ಕಲ್ಲನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ನಮ್ಮ ಕಲ್ಲು ಜನರಿದ್ದಲ್ಲಿಗೆ ತಾನೇ ಹೋಗಿ ಅವರ ಕಾಲಡಿ ಮಲಗುತ್ತದೆ. ಕಾಲಡಿ ಮಲಗಿದ್ದನ್ನು ನೋಡುವ ರೂಢಿ ಮನುಷ್ಯನಿಗೆ ಕಡಿಮೆ.

ಮಳಖೇಡಕ್ಕೆ ಬಂದ ಯಾತ್ರಿಕನ ನಿರಾಶೆಗೆ ಕಾರಣವಿದೇ. ಒಂಬತ್ತನೆಯ ಶತಮಾನದ ಮಾನ್ಯಖೇಟ ಇದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಆರು ದಶಕಗಳಿಗೂ ಮೀರಿ ಆಳಿದ ರಾಜಧಾನಿ. 851ರ ಸುಮಾರಿಗೆ ಸುಲೈಮಾನನೆಂಬ ಅರಬ್ ವರ್ತಕನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದು ಇಲ್ಲಿಯ ದೊರೆಯನ್ನು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಎಲ್ಲೆ ಹೇಳಿದ ಕವಿರಾಜಮಾರ್ಗವು ಈ ಆಸ್ಥಾನದ ಕೃತಿ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಈ ಆಶ್ರಯದ್ದು. ಪುಷ್ಪದಂತನು ಅಪಭ್ರಂಶದ ತನ್ನ ಮಹಾಪುರಾಣವನ್ನು ಮುಗಿಸಿದ್ದು ಈ ಊರಿನಲ್ಲಿ, 965ರಲ್ಲಿ. ಅದಾದ ಏಳು ವರ್ಷಕ್ಕೆ ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಇಷ್ಟನ್ನು ಓದಿಕೊಂಡು ಬಂದವನು ಅರಮನೆಯನ್ನು ಅರಸುತ್ತಾನೆ. ಅವನಿಗೆ ಕಾಣುವುದು ಹೊಳೆಯ ದಂಡೆಯ ಕೋಟೆಯ ಅಗಸೆ, ಹುಡೆಗಳು, ಗಟ್ಟಿ ಗಾತ್ರದ ನೇಮಿನಾಥ ಬಸದಿ, ಅದರೊಳಗೆ ತೊಂಬತ್ತಾರು ಜಿನಬಿಂಬಗಳ ಪಂಚಲೋಹದ ಮಂಟಪ, ಒಂದು ದರ್ಗಾ, ಹೊಳೆಗೆ ತೀರ ಸಮೀಪದ ಉತ್ತರಾದಿ ಮಠ. ಉಳಿದದ್ದೆಲ್ಲಿ ಎಂದು ಕೇಳಿದರೆ, ಊರ ಓಣಿಯಲ್ಲಿ ನಿಧಾನವಾಗಿ ನಡೆಯಬೇಕು. ಯಾವ ಗೋಡೆಯ ಕಲ್ಲು ಮೊದಲು ಯಾವ ಗೋಡೆಯಲ್ಲಿತ್ತೋ, ಯಾವ ಮೆಟ್ಟಿಲು ಯಾವ ಮಂಟಪದ ಹಾಸಾಗಿತ್ತೋ! ಪದರವಾಗಿ ಹುಟ್ಟಿದ ಕಲ್ಲು ಮತ್ತೆ ಮತ್ತೆ ಪದರವಾಗಿಯೇ ಬಳಕೆಗೆ ಬಂದಿದೆ. ನಿಂತದ್ದನ್ನು ಸೀಯಕನು ಕೆಡವಬಲ್ಲನು, ಮಲಗಿದ್ದನ್ನು ಕೆಡವುವ ಬಗೆ ಯಾರಿಗೂ ತಿಳಿಯದು.

ಆ ಮಠದಲ್ಲಿ ಜಯತೀರ್ಥರ ಮೂಲ ಬೃಂದಾವನವೆಂದು ಆರಾಧಿಸುವ ಸನ್ನಿಧಾನವಿದೆ. ಮಳೆಗಾಲ ಬಲವಾದ ವರ್ಷಗಳಲ್ಲಿ ಕಾಗಿಣೆ ದಂಡೆ ಮೀರಿ ಮಠದೊಳಕ್ಕೂ ಬರುತ್ತಾಳೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆಂದೇ ಪ್ರಸಿದ್ಧರಾದ ಈ ಹದಿನಾಲ್ಕನೆಯ ಶತಮಾನದ ಯತಿಗಳ ಪೂರ್ವಾಶ್ರಮದ ಐತಿಹ್ಯವೊಂದನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಶ್ರೀಮಂತ ಮನೆತನದ ತರುಣ ಧೋಂಡೋಪಂತನು ಕುದುರೆಯನ್ನು ಹೊಳೆಗೆ ಇಳಿಸಿ, ತಾನು ಇಳಿಯದೆ, ಜೀನಿನ ಮೇಲಿಂದಲೇ ಬಾಗಿ ಪಶುವಿನಂತೆ ಬಾಯಿಟ್ಟು ನೀರು ಕುಡಿದನಂತೆ. ದಂಡೆಯಲ್ಲಿ ಕುಳಿತಿದ್ದ ಅಕ್ಷೋಭ್ಯತೀರ್ಥರು ಅದನ್ನು ಕಂಡು, ಹಿಂದಿನ ಜನ್ಮದಲ್ಲಿ ನೀನು ಪಶುವಾಗಿದ್ದೆಯೋ ಎಂದು ಕೇಳಿದೊಡನೆ ತರುಣನಿಗೆ ಜನ್ಮಾಂತರದ ಸ್ಮರಣೆ ಉಂಟಾಯಿತೆಂಬುದು ಕಥೆ. ಭಕ್ತರು ಇದರಲ್ಲಿ ಪೂರ್ವಜನ್ಮದ ಮಹಿಮೆಯನ್ನು ಕಾಣುತ್ತಾರೆ. ಅದಕ್ಕೆ ನನ್ನ ನಮಸ್ಕಾರವಿದೆ. ಆದರೆ ನಡೆಯುವವನಾದ ನನಗೆ, ಆ ತರುಣನ ಬದುಕು ತಿರುಗಿದ್ದು ಅವನು ಕುದುರೆಯಿಂದ ಇಳಿದ ಮೇಲೆ ಎಂಬ ಅಂಶವೇ ಹೆಚ್ಚು ಹಿಡಿಸುತ್ತದೆ. ಈ ಹೊಳೆಯ ಮಟ್ಟಿಗಂತೂ, ಸವಾರಿಯ ಮೇಲೆ ಬಂದವನಿಗೆ ನೀರು ಮಾತ್ರ ದಕ್ಕುತ್ತದೆ.

ಮಳಖೇಡದಿಂದ ದಂಡೋತಿಯ ದಾರಿಯಲ್ಲಿ ವಿಶೇಷವಾದುದೇನೂ ಇಲ್ಲ. ಜಾಲಿ, ತೊಗರಿ, ಹಾಸುಗಲ್ಲಿನ ಮೇಲೆ ಬಟ್ಟೆ ಒಗೆಯುವ ಸದ್ದು, ಎಮ್ಮೆಗಳು, ಮಳೆ ಜೋರಾದಾಗ ಮುಳುಗುವ ಸೇತುವೆ. ಅಲ್ಲಿಂದ ಹೊಳೆಯನ್ನು ಬಿಟ್ಟು ಚಿತ್ತಾಪುರದ ಕಡೆಗೆ ಹೊರಳಿದರೆ ನಾಗಾವಿ. ಯಲ್ಲಮ್ಮನ ಭಕ್ತರಿಗೆ ಅದು ಜಾತ್ರೆಯ ಕ್ಷೇತ್ರ. ಹನ್ನೊಂದನೆಯ ಶತಮಾನದಲ್ಲಿ ಅದು ಘಟಿಕಾಸ್ಥಾನವಾಗಿತ್ತು. ವೇದಶಾಸ್ತ್ರಗಳ ಅಧ್ಯಾಪಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ, ಎಂದರೆ ಗ್ರಂಥಪಾಲಕರಿಗೂ, ವೃತ್ತಿ ಬಿಟ್ಟುದನ್ನು 1058ರ ಶಾಸನ ಹೇಳುತ್ತದೆ. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ, ಆ ಆರು ಜನರು ಕಾದ ಓಲೆಗಳಲ್ಲಿ ಒಂದೂ ಉಳಿಯದೆ, ಅವರಿಗೆ ಸಂಬಳ ಕೊಟ್ಟ ಲೆಕ್ಕ ಮಾತ್ರ ಕಲ್ಲಿನ ಮೇಲೆ ಉಳಿದುದನ್ನು ನೆನೆದು ನಗು ಬರುತ್ತದೆ. ಸರಕಾರಿ ಕೆಲಸದ ಭಾಗ್ಯ ಅಂದಿಗೂ ಅಷ್ಟೇ.

ಆದರೆ ನನ್ನ ಮಾತಿಗೆ ಪರಮ ಪ್ರಮಾಣವಿರುವುದು ಸಂಗಮದಿಂದ ಕೆಳಗೆ, ಭೀಮೆಯ ದಂಡೆಯ ಸನ್ನತಿಯಲ್ಲಿ. ಚಂದ್ರಲಾಂಬೆಯ ಕ್ಷೇತ್ರದಲ್ಲಿದ್ದ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿದು ಬಿತ್ತು, ವಿಗ್ರಹ ಭಿನ್ನವಾಯಿತು. ಅದರ ಅಡಿಯ ಹಾಸುಗಲ್ಲನ್ನು ನೋಡಿದರೆ, ಎರಡೂ ಮೈಮೇಲೆ ಬ್ರಾಹ್ಮೀ ಲಿಪಿಯ ಸಾಲುಗಳು! ಅವು ಅಶೋಕ ಚಕ್ರವರ್ತಿಯ ಶಾಸನಗಳು. ಹಿಂದೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿ ಸೇರಿದ್ದವು. ದೇವಿಯನ್ನು ನಿಲ್ಲಿಸಲು ಯಾವನೋ ಕಲ್ಲುಕುಟಿಗನು ಅಕ್ಷರಗಳ ನಡುವೆಯೇ ಚೌಕಾಕಾರದ ಕುಳಿ ತೋಡಿದ್ದನು. ಸ್ವಮತವನ್ನು ಹೊಗಳಿ ಪರಮತವನ್ನು ಹಳಿಯಬಾರದೆಂದು ಬೋಧಿಸುವ ಹನ್ನೆರಡನೆಯ ಶಾಸನವೂ ಅದೇ ಕಲ್ಲಿನಲ್ಲಿದೆ. ಬೌದ್ಧ ಚಕ್ರವರ್ತಿಯ ಆ ಮಾತು ಶಾಕ್ತ ದೇವತೆಯ ಪಾದಪೀಠವಾಗಿ ಶತಮಾನಗಳ ಕುಂಕುಮಾರ್ಚನೆಯನ್ನು ಮೌನವಾಗಿ ಹೊತ್ತಿತ್ತು. ಅದನ್ನು ಅವಮಾನವೆನ್ನಲು ನನಗೆ ಮನಸ್ಸಿಲ್ಲ. ಆ ಬೋಧನೆ ಅದಕ್ಕಿಂತ ಅಕ್ಷರಶಃ ಆಚರಣೆಗೆ ಬಂದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ತ್ವ ಸರ್ವೇಕ್ಷಣೆಯವರು ಅಗೆದಾಗ ಎದ್ದು ಬಂದ ಮಹಾಚೈತ್ಯದ ಶಿಲ್ಪಗಳೂ ಇದೇ ಜಾತಿಯ ಸುಣ್ಣಗಲ್ಲಿನ ಹಾಸುಗಳು. ಅವುಗಳಲ್ಲೊಂದರ ಮೇಲೆ ರಾಣಿಯರೊಡನೆ ನಿಂತ ಅಶೋಕನಿದ್ದಾನೆ, ಅವನ ಹೆಸರನ್ನೂ ಅಲ್ಲೇ ಕೆತ್ತಿದ್ದಾರೆ. ಅದಕ್ಕೂ ಮುಂಚೆ ಆ ನೆಲದ ಮೇಲೆ ಎಷ್ಟು ತಲೆಮಾರು ನಡೆದು ಹೋಗಿರಲಿಕ್ಕಿಲ್ಲ!

ವಾಡಿ, ಸೇಡಂ, ಮಳಖೇಡಗಳ ಸಿಮೆಂಟಿನ ಚಿಮಣಿಗಳು ಈ ದಾರಿಯ ಉದ್ದಕ್ಕೂ ಕಣ್ಣಿಗೆ ಬೀಳುತ್ತವೆ. ಆ ಕಾರಖಾನೆಗಳು ಬೇಯಿಸಿ ಅರೆಯುವುದು ಇದೇ ಸುಣ್ಣಗಲ್ಲನ್ನು. ಅವುಗಳನ್ನು ಶಪಿಸುವ ಧೈರ್ಯ ನನಗಿಲ್ಲ. ಈ ಸೀಮೆಯ ಸಾವಿರಾರು ಮನೆಗಳ ಒಲೆ ಅವುಗಳಿಂದ ಉರಿಯುತ್ತದೆ, ನನ್ನ ಮನೆಯ ಗೋಡೆಯೂ ಆ ಸಿಮೆಂಟಿನಿಂದಲೇ ನಿಂತಿದೆ. ಆದರೆ ಕಲ್ಲು ಹಾಸಾಗಿರುವವರೆಗೆ ಅದರ ಬೆನ್ನಿನ ಮೇಲೆ ಬರೆದುದು ಉಳಿಯುತ್ತದೆ. ಪುಡಿಯಾದ ಮೇಲೆ ಉಳಿಯದು. ಯಂತ್ರಕ್ಕೆ ಪರಸಿಯೂ ಶಾಸನವೂ ಒಂದೇ. ಆದುದರಿಂದ ಯಾವ ಹೊಲವನ್ನಾದರೂ ಖಣಿಗೆ ಕೊಡುವ ಮೊದಲು, ಅಕ್ಷರ ಬಲ್ಲವನೊಬ್ಬನು, ಆತುರವಿಲ್ಲದವನು, ಅದರ ಉದ್ದಗಲಕ್ಕೆ ಕಾಲ್ನಡಿಗೆಯಲ್ಲಿ ಒಮ್ಮೆ ಓಡಾಡಿ ಬರಬೇಕೆಂದು ನನ್ನ ಆಗ್ರಹ. ಹೊಳೆಯ ದಂಡೆಯ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಮೇಷ್ಟರು ಬಸ್ಸು ಹತ್ತಿಸದೆ ಮಳಖೇಡದಿಂದ ದಂಡೋತಿಗೆ ನಡೆಸಿದರೂ ಈ ಕೆಲಸಕ್ಕೆ ಕಣ್ಣುಗಳು ತಯಾರಾದಾವು. ಅಶೋಕನ ಮಾತು ಬೆಳಕಿಗೆ ಬರಲು ಒಂದು ಗುಡಿಯ ಛಾವಣಿ ಕುಸಿಯಬೇಕಾಯಿತು. ಮುಂದಿನ ಶಾಸನಕ್ಕೂ ಅಂಥ ಅಪಘಾತವನ್ನೇ ನೆಚ್ಚಿಕೊಂಡು ಕೂಡುವುದು ವಿವೇಕಿಗಳ ಲಕ್ಷಣವಲ್ಲ.