ಬಾನೆಟ್ ಮೇಲೆ ಹನಿ ಉರುಳಲಿ

ನಮ್ಮ ಕಡೆ ಕಾರು ಎಲ್ಲಿಗೆ ಹೋಗಿ ಬಂತೆಂದು ಯಾರೂ ಕೇಳಬೇಕಾಗಿಲ್ಲ, ಬಾಗಿಲ ಕೆಳಗಿನ ಅಂಚು ನೋಡಿದರೆ ಸಾಕು. ಎರೆಮಣ್ಣಿನ ಕರಿ ರಾಡಿ ಮೆತ್ತಿದ್ದರೆ ಹೊಲದ ದಾರಿ ಹಿಡಿದಿತ್ತು. ಮಸಾರಿಯ ಕೆಂಪು ಧೂಳಿದ್ದರೆ ಕಪ್ಪತಗುಡ್ಡದ ಮಗ್ಗುಲಲ್ಲಿ ಹಾದು ಬಂದಿದೆ. ಅದು ಡಂಬಳ ದಾಟಿ ಮುಂಡರಗಿಯೂ ಆಗಬಹುದು, ಶಿರಹಟ್ಟಿಯೂ ಆಗಬಹುದು. ವೈಪರಿನ ಸಂದಿಯಲ್ಲಿ ಹುರುಳಿ ಹೊಟ್ಟು ಸಿಕ್ಕಿಕೊಂಡಿದ್ದರೆ ಲಕ್ಷ್ಮೇಶ್ವರದ ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು ಬೆಳೆ ಹರವಿದ್ದಾರೆ, ಒಕ್ಕಣೆಗೆ ನಮ್ಮ ಗಾಲಿಗಳೂ ನೆರವಾಗಿವೆ. ಇಷ್ಟೆಲ್ಲ ಹೊತ್ತು ತಂದ ಗಾಡಿಯನ್ನು ಭಾನುವಾರ ಬೆಳಿಗ್ಗೆ ತೊಳೆದು, ಒರೆಸಿ, ಮೇಲೆ ನೀರು ಜಾರಿಸುವ ಸ್ಪ್ರೇ ಒಂದಿಷ್ಟು ಹೊಡೆದು, ಕೆಲವು ತಾಸು ಬಿಟ್ಟು ಮತ್ತೆ ನೀರು ಚಿಮುಕಿಸಿ ಹನಿ ಉರುಳುವುದನ್ನು ನೋಡುತ್ತ ನಿಲ್ಲುವುದು ನನ್ನ ಚಟ.

"ಯಾಕ್ರೀ ಸರ, ಗಾಡಿಗೂ ಸೆಂಟ್ ಹೊಡ್ಯಾಕತ್ತೀರೇನು?" ಎಂದು ಎದುರು ಮನೆಯವರು ಕೇಳುತ್ತಾರೆ. "ಅಷ್ಟ ಉಪಚಾರ ಮನಿ ಕಿಟಕಿಗೂ ಒಂದಿನ ಆಗ್ಲಿ" ಎಂದು ಒಳಗಿನಿಂದ ಇನ್ನೊಂದು ದನಿ. ಎರಡಕ್ಕೂ ನಾನು ಉತ್ತರ ಕೊಡುವುದಿಲ್ಲ. ಬಟ್ಟೆ ಕೈಯಲ್ಲಿದ್ದಾಗ ಮಾತು ಬೇಡ.

ಹಿಂದೆ ಈ ಕೆಲಸಕ್ಕೆ ಡಬ್ಬಿಯ ವ್ಯಾಕ್ಸ್ ಇತ್ತು. ಬ್ರೆಜಿಲಿನ ಕಾರ್ನಾಬಾ ತಾಳೆಯ ಎಲೆಯಿಂದ ಬರುವ ಮೇಣ ಅದರ ಜೀವಾಳ. ಹಚ್ಚಬೇಕು, ಮಬ್ಬಾಗುವವರೆಗೆ ಕಾಯಬೇಕು, ರಟ್ಟೆ ನೋಯುವಂತೆ ಉಜ್ಜಬೇಕು. ಅರ್ಧ ದಿನ ಹೋಯಿತೆಂದೇ ಲೆಕ್ಕ. ಈಗಿನ ಸ್ಪ್ರೇಗಳಲ್ಲಿ ಬಹುಪಾಲು ಕೆಲಸ ಮಾಡುವುದು ಸಿಲಿಕೋನ್ ಜಾತಿಯ ಪಾಲಿಮರು. ಬಾಟಲಿಯ ಮೇಲೆ ಸೆರಾಮಿಕ್ ಎಂದು ಎಷ್ಟೇ ದೊಡ್ಡದಾಗಿ ಬರೆದಿರಲಿ, ಒಳಗಿನ ಹಕೀಕತ್ತು ಇಷ್ಟೆ: ನೀರಿನ ಮೇಲ್ಮೈ ಬಿಗಿತ ಮೀಟರಿಗೆ 72 ಮಿಲಿನ್ಯೂಟನ್, ಸಿಲಿಕೋನ್ ಪದರದ ಸೆಳೆತ 20ರ ಆಸುಪಾಸು. ತನ್ನನ್ನು ಎಳೆದುಕೊಳ್ಳದ ಜಾಗದಲ್ಲಿ ನೀರು ಹರಡಲು ಒಪ್ಪದೆ, ಮುದುಡಿ ಗುಂಡಗಾಗುತ್ತದೆ. ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ 90 ಡಿಗ್ರಿ ದಾಟಿದರೆ ಅದು ನೀರು ಹಿಡಿಯದ ಮೇಲ್ಮೈ.

ಜಾಹೀರಾತಿನವರು ಇಲ್ಲಿ ತಾವರೆ ಎಲೆಯನ್ನು ಎಳೆದು ತರುತ್ತಾರೆ. ಅದು ತುಸು ಅತಿಯಾಯಿತು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಜೊತೆಗಾರ ನೈನ್‌ಹ್ಯೂಸ್ 1997ರಲ್ಲಿ ತಾವರೆ ಎಲೆಯ ಗುಟ್ಟನ್ನು ವಿವರವಾಗಿ ಬರೆದರು. ಆ ಎಲೆಯ ಮೇಲೆ ಕಣ್ಣಿಗೆ ಕಾಣದ ಗುಬುಟುಗಳಿವೆ, ಅವುಗಳ ಮೇಲೆ ಮೇಣದ ಸಣ್ಣ ಹರಳುಗಳಿವೆ. ಹನಿ ಅವುಗಳ ತುದಿಯಲ್ಲಷ್ಟೇ ನಿಲ್ಲುವುದರಿಂದ ಕೋನ 150 ಡಿಗ್ರಿಯನ್ನೂ ಮೀರುತ್ತದೆ. ಕಾರಿನ ಬಣ್ಣ ನುಣುಪು. ಅಲ್ಲಿ ನೂರು ಡಿಗ್ರಿಯ ಆಚೀಚೆ ಸಿಕ್ಕರೆ ಅದೇ ದೊಡ್ಡದು, ನನಗಂತೂ ಅದು ಸಾಕು.

ಕೆಲಸದ ರೀತಿ ಹೇಳುತ್ತೇನೆ, ಇದರಲ್ಲೇ ಸುಖವಿರುವುದು. ಗಾಡಿ ನೆರಳಲ್ಲಿರಬೇಕು, ತಗಡು ತಣ್ಣಗಿರಬೇಕು. ಅಂಗೈ ಇಟ್ಟರೆ ಬೆಚ್ಚಗೆನಿಸಿದರೂ ಮುಂದೂಡಿ, ಏಕೆಂದರೆ ಬಿಸಿ ಬಾನೆಟ್ಟಿನ ಮೇಲೆ ದ್ರವ ಒರೆಸುವ ಮೊದಲೇ ಒಣಗಿ ಗೆರೆ ಬೀಳುತ್ತದೆ. ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರೀ ನೀರು. ಮಣ್ಣೆಲ್ಲ ಎರಡನೆಯದರ ತಳಕ್ಕೆ ಇಳಿಯುತ್ತದೆ. ಒಣ ಧೂಳನ್ನು ಒಣ ಬಟ್ಟೆಯಿಂದ ಝಾಡಿಸುವ ನಮ್ಮೂರ ಚಾಳಿ ಬಣ್ಣಕ್ಕೆ ದೊಡ್ಡ ಶತ್ರು. ಬಣ್ಣದ ಮೇಲಿನ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಅದರ ಮೇಲೆ ಮಸಾರಿಯ ಮರಳು ತಿಕ್ಕಿದರೆ ಬಿಸಿಲಲ್ಲಿ ಕಾಣುವ ಜೇಡರಬಲೆ ಗೀರುಗಳು ಖಾಯಂ.

ತೊಳೆದು ಒರೆಸಿದ ಮೇಲೆ ಮೈಕ್ರೋಫೈಬರ್ ಬಟ್ಟೆಗೆ ಎರಡು ಸಲ ಸ್ಪ್ರೇ ಹೊಡೆದು ಒಂದು ಬಾಗಿಲಿಗಷ್ಟೇ ಹರಡುತ್ತೇನೆ. ಕ್ಷಣಕಾಲ ಬಾಗಿಲ ಮೇಲೆ ಕಾಮನಬಿಲ್ಲಿನ ಛಾಯೆಯೊಂದು ಓಡಾಡುತ್ತದೆ. ಬಟ್ಟೆಯ ಒಣ ಮಗ್ಗುಲು ತಿರುಗಿಸಿ ಒರೆಸಿದರೆ ಛಾಯೆ ಮಾಯ. ಈಗ ಬೆರಳ ಹಿಂಬದಿಯಿಂದ ಸವರಿ ನೋಡಿ: ತೊಳೆದ ಗಾಜಿನ ಮೇಲೆಂಬಂತೆ ತಡೆತಡೆದು ನಿಲ್ಲುತ್ತಿದ್ದ ಬೆರಳು ಜಾರಿ ಹೋಗುತ್ತದೆ. ಆಮೇಲೆ ಮುಂದಿನ ಬಾಗಿಲು. ಇಡೀ ಗಾಡಿಗೆ ಬೇಕಾಗುವುದು ಎರಡು ಕಪ್ ಚಹಾದ ಹೊತ್ತು. ಅನಂತರ ಕೆಲವು ತಾಸು ನೀರು ತಾಗದಿದ್ದರೆ ಪದರ ಗಟ್ಟಿಯಾಗಿ ಕೂರುತ್ತದೆ.

ನೀರು ಜಾರುವುದನ್ನು ಹೊಗಳುವವರು ನಮ್ಮ ಬೋರಿನ ನೀರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗದಗ-ಬೆಟಗೇರಿಯ ನಲ್ಲಿಗೆ ತುಂಗಭದ್ರೆಯ ನೀರು ದಿನವೂ ಬರುವುದಿಲ್ಲ; ಗಾಡಿಗೆಲ್ಲ ಬೋರಿನ ಸವಳು ನೀರೇ ಗತಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಧಾರಾಳ. ಗುಂಡಗೆ ನಿಂತ ಚಂದದ ಹನಿ ಬಿಸಿಲಿಗೆ ಆರಿದರೆ ಉಪ್ಪೆಲ್ಲ ಒಂದೇ ಕಡೆ ಉಳಿದು ಬಿಳಿ ಉಂಗುರವಾಗುತ್ತದೆ. ಹೀಗಾಗಿ ಸ್ಪ್ರೇ ಹೊಡೆದ ಗಾಡಿಯನ್ನು ಒರೆಸದೆ ಬಿಟ್ಟರೆ ಹೊಡೆಯದ ಗಾಡಿಗಿಂತ ಹೆಚ್ಚು ಕಲೆ. ಹೊಸ ಉಂಗುರಕ್ಕೆ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ ತೊಳೆದರೆ ಹೋಗುತ್ತದೆ, ಹಳತಾಗಿ ಬಣ್ಣಕ್ಕೆ ಕಚ್ಚಿದ್ದು ಪಾಲಿಶ್ ಇಲ್ಲದೆ ಬಿಡದು. ಉಪ್ಪಿಲ್ಲದ ಮಳೆನೀರಿಗೆ ಈ ದೋಷ ಬಹಳ ಕಡಿಮೆ. ನಮ್ಮಲ್ಲಿ ಅದೇ ಅಪರೂಪ.

ಹಾಗಾದರೆ ಮಳೆ ಕಡಿಮೆಯ ಸೀಮೆಯಲ್ಲಿ ನೀರು ತಡೆಯುವ ಸ್ಪ್ರೇ ಯಾಕೆ ಎಂದರೆ, ರಾಡಿಗಾಗಿ. ಧೂಳು ಕೂರುವುದನ್ನು ಯಾವ ಬಾಟಲಿಯೂ ತಡೆಯುವುದಿಲ್ಲ. ಆದರೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಎರೆಮಣ್ಣು ಹೇಗೆ ಹಿಡಿದುಕೊಳ್ಳುತ್ತದೆಂಬುದು ಹೊಲದಲ್ಲಿ ಚಪ್ಪಲಿ ಕಳೆದುಕೊಂಡವರಿಗೆಲ್ಲ ಗೊತ್ತು. ಈ ಪದರವಿದ್ದರೆ ಅದೂ ನೀರು ಬಿದ್ದೊಡನೆ ಕಳಚುತ್ತದೆ. ತಿಕ್ಕುವುದು ಕಡಿಮೆ, ಗೀರು ಕಡಿಮೆ, ಎಲ್ಲಕ್ಕಿಂತ ಹೆಚ್ಚಾಗಿ ನೀರು ಕಡಿಮೆ. ಕೊಡಕ್ಕೆ ಕಾಯುವ ಊರಲ್ಲಿ ಪೈಪು ಬಿಟ್ಟು ಗಾಡಿ ತೊಳೆಯುವುದು ನನಗೆ ನಾಚಿಕೆಯ ವಿಷಯ.

ದಸರೆಯ ಖಂಡೆ ಪೂಜೆಯ ದಿನ ಬಾನೆಟ್ಟಿಗೆ ಬಳಿದ ಕುಂಕುಮ, ವಿಭೂತಿ ಮರುದಿನ ಒದ್ದೆ ಬಟ್ಟೆಗೇ ಸುಲಭವಾಗಿ ಬರುತ್ತದೆ, ಇದು ಬಾಟಲಿಯ ಮೇಲೆ ಬರೆಯದ ಲಾಭ. ಬೇವಿನ ಮರದ ಕೆಳಗೆ ನಿಲ್ಲಿಸಿದ ಗಾಡಿಯ ಮೇಲಿನ ಹಕ್ಕಿ ಹಿಕ್ಕೆಯನ್ನು ಮಾತ್ರ ಪದರ ಇದೆಯೆಂದು ನಂಬಿ ಬಿಡಬೇಡಿ. ಅವತ್ತೇ ನೆನೆಸಿ ತೆಗೆಯಿರಿ. ಗೀರು, ಕಲ್ಲೇಟುಗಳಿಗೂ ಈ ಸ್ಪ್ರೇ ಮದ್ದಲ್ಲ. ಬಾಟಲಿ ಹೇಳುವ ತಿಂಗಳುಗಳನ್ನು ನಮ್ಮ ಬಿಸಿಲಿಗೆ ಅರ್ಧ ಮಾಡಿ ಓದಿಕೊಳ್ಳಿ.

ಸಾವಿರಗಟ್ಟಲೆ ಕೊಟ್ಟು ಅಂಗಡಿಯಲ್ಲಿ ಸೆರಾಮಿಕ್ ಕೋಟಿಂಗ್ ಮಾಡಿಸುವವರನ್ನು ನಾನು ಬೇಡವೆನ್ನುವುದಿಲ್ಲ, ಅದು ಹೆಚ್ಚು ದಿನ ಬಾಳುವುದು ನಿಜ. ಆದರೆ ಅದನ್ನೂ ತೊಳೆಯಲೇಬೇಕು, ಒರೆಸಲೇಬೇಕು. ತೊಳೆದು ಒರೆಸುವವರಿಗೆ ಬಾಟಲಿಯೇ ಸಾಕು. ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಖಂಡೆ ಪೂಜೆಗೆ ಮುಂಚೆ ಇನ್ನೊಮ್ಮೆ ಹೊಡೆಯಿರಿ. ಮುಂದಿನ ಗಾಜಿಗೂ ಬ್ರೇಕಿನ ಡಿಸ್ಕಿಗೂ ತಾಗಿಸಬೇಡಿ. ಬೈಕಿದ್ದರೆ ಸೀಟಿಗಂತೂ ಹೊಡೆಯಲೇಬೇಡಿ, ನೀರಿಗಿಂತ ಮೊದಲು ನೀವು ಜಾರುತ್ತೀರಿ.